ಬೈಕಿನ ಸದ್ದಿಗೊಂದು ತುಂಡು ರೊಟ್ಟಿ

ನಮ್ಮ ಓಣಿಯಲ್ಲಿ ಮನೆ ಮನೆಗೆ ತಿರುಗಿ ಹಾಲು ತುಂಬಿಸಿಕೊಂಡು ಡೇರಿಗೆ ಒಯ್ಯುವವರೊಬ್ಬರಿದ್ದಾರೆ. ಬೈಕಿನ ಎರಡೂ ಬದಿಗೆ ಕ್ಯಾನು ಕಟ್ಟಿರುತ್ತಾರೆ. ನಮ್ಮ ಮನೆಯ ಕಟ್ಟೆ ಹತ್ತಿರವಾಗುತ್ತಲೇ ಅವರು ಎರಡೂ ಕಾಲನ್ನು ಮೇಲಕ್ಕೆತ್ತಿಬಿಡುತ್ತಾರೆ. ನಮ್ಮ ನಾಯಿ ಕಟ್ಟೆಯ ಮೇಲೆ ಮಲಗಿದ್ದರೂ ಎತ್ತುತ್ತಾರೆ, ಹೊಲಕ್ಕೆ ಹೋಗಿದ್ದರೂ ಎತ್ತುತ್ತಾರೆ. ನೋಡಿದಾಗ ನನಗೆ ನಗು ಬರಬೇಕು. ಬರುವುದಿಲ್ಲ, ದಣಿವು ಬರುತ್ತದೆ.

ನಾನು ಬಸ್ ಕಂಡಕ್ಟರ್. ಬೈಲಹೊಂಗಲದಿಂದ ಯರಗಟ್ಟಿ ಮೇಲೆ ರಾಮದುರ್ಗಕ್ಕೆ ಹೋಗಿ ಬರುವುದು ನನ್ನ ದಿನ. ಕೆಲವು ವಾರ ಕಿತ್ತೂರು, ಕೆಲವು ವಾರ ಸವದತ್ತಿ. ಹೆಣ್ಣುಮಕ್ಕಳಿಗೆ ಟಿಕೆಟ್ ಬಿಟ್ಟಿಯಾದ ಮೇಲೆ ಬಸ್ಸಿನಲ್ಲಿ ಕಾಲೂರಲು ಜಾಗವಿಲ್ಲ. ಸಂಜೆ ಸಂಗೊಳ್ಳಿಯ ಮನೆಗೆ ಬಂದು ಚಪ್ಪಲಿ ಬಿಟ್ಟಾಗ ಪಾದ ನನ್ನದೇ ಎನಿಸುವುದಿಲ್ಲ. ತವರು, ಗಂಡನ ಮನೆ ಎರಡೂ ಕಡೆ ಸೇರಿಸಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಬಿ.ಎ. ಓದಿ ಕಂಡಕ್ಟರ್ ಆದೆಯಾ ಎಂದು ಕೇಳುವವರಿದ್ದಾರೆ. ಹೌದು, ಆಗಿದ್ದೇನೆ. ಆಯ್ಕೆಯಾಗಿ ಆಗಿದ್ದೇನೆ, ಯಾರ ಕೈಕಾಲು ಹಿಡಿದಲ್ಲ.

ಆ ಡಿಗ್ರಿಯಲ್ಲಿ ಅತ್ತೆಯವರ ಪಾಲು ದೊಡ್ಡದು. ಕೊನೆಯ ವರ್ಷದ ಪರೀಕ್ಷೆ ಬಂದಾಗ ನನ್ನ ಮಗಳು ಇನ್ನೂ ಎದೆಹಾಲು ಕುಡಿಯುವ ಕೂಸು. ಅತ್ತೆ ಅದನ್ನು ಎತ್ತಿಕೊಂಡು ನನ್ನ ಜೊತೆ ಬೈಲಹೊಂಗಲದ ಕಾಲೇಜಿಗೆ ಬಂದು, ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದರು. ನಾನು ಒಳಗೆ ಬರೆಯುತ್ತಿದ್ದೆ. ಕೂಸು ಅತ್ತರೆ ಕಿಟಕಿಯಲ್ಲಿ ಕೇಳುತ್ತಿತ್ತು. ಆಮೇಲೆ ಅತ್ತೆಯ ಜೋಗುಳ ಕೇಳುತ್ತಿತ್ತು. ಆಮೇಲೆ ಏನೂ ಕೇಳುತ್ತಿರಲಿಲ್ಲ. ಅವರು ಓದು ಬರಹ ಕಂಡವರಲ್ಲ. ಸಹಿ ಮಾಡಲು ನಾನೇ ಆಮೇಲೆ ಕಲಿಸಿದೆ.

ನಾಯಿಯ ವಿಷಯ ಶುರುವಾದದ್ದು ಅವರಿಂದಲೇ. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಬಂದ ಕುರಿಗಾರರು ಹೋಗುವಾಗ ಒಂದು ನಾಯಿಮರಿ ಬಿಟ್ಟು ಹೋದರು. ಅತ್ತೆ ಅದಕ್ಕೆ ಹೆಸರು ಇಡಲಿಲ್ಲ. ‘ಏ ಮಗನ’ ಎಂದರೆ ಬರುತ್ತಿತ್ತು. ಅತ್ತೆಯ ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಮಬ್ಬು. ಹೊಲದ ದಾರಿಯ ಎರಡೂ ಕಡೆ ಕಬ್ಬು, ಕಬ್ಬಿನಲ್ಲಿ ಕಾಡುಹಂದಿ. ನಾಯಿ ಮುಂದೆ ನಡೆಯುತ್ತದೆ, ಅತ್ತೆ ಅದರ ಬಾಲ ನೋಡುತ್ತ ಹಿಂದೆ ನಡೆಯುತ್ತಾರೆ. ದಾರಿಯಲ್ಲಿ ಏನಾದರೂ ಇದ್ದರೆ ಬಾಲ ನಿಲ್ಲುತ್ತದೆ, ಅತ್ತೆಯೂ ನಿಲ್ಲುತ್ತಾರೆ. ಎಮ್ಮೆಗೆ ಮೇವು ತರುವುದು, ಬದುವಿನಲ್ಲಿ ಕೂತು ಪಕ್ಕದ ಹೊಲದವರ ಜೊತೆ ಎಲೆಅಡಿಕೆ ಹಾಕಿಕೊಳ್ಳುವುದು, ಅವರ ದಿನವೆಂದರೆ ಅಷ್ಟೇ. ಅದು ಆ ಬಾಲದ ಮೇಲೆ ನಿಂತಿತ್ತು.

ಇದನ್ನೆಲ್ಲ ನಾಯಿಗೆ ಯಾರೂ ಕಲಿಸಿರಲಿಲ್ಲ. ಬೈಕು ಬೆನ್ನಟ್ಟುವುದನ್ನೂ ಯಾರೂ ಕಲಿಸಿರಲಿಲ್ಲ. ಕುರಿ ಕಾಯುವ ಜಾತಿ. ಓಡುವುದು ಯಾವುದಿದ್ದರೂ ಅದಕ್ಕೆ ಹಿಂಡು ಬಿಟ್ಟ ಕುರಿಯೇ. ಒಂದು ಬೆಳಗ್ಗೆ ಹಾಲಿನವರ ಬೈಕಿನ ಹಿಂದೆ ಬಿತ್ತು. ಅವರು ಕಾಲೆತ್ತಿದರು, ಆಯ ತಪ್ಪಿತು, ಕ್ಯಾನಿನ ಹಾಲೆಲ್ಲ ಓಣಿಯ ಪಾಲಾಯಿತು. ಮೊಣಕೈ ತರಚಿಕೊಂಡು ನಮ್ಮ ಕಟ್ಟೆಗೆ ಬಂದರು.

“ದೊಡ್ಡವ್ವಾ, ನಿನ್ನ ಮಾರಿ ನೋಡಿ ಸುಮ್ಮನದೇನಿ. ಇನ್ನೊಮ್ಮಿ ಬೆನ್ನ ಹತ್ತಿತಂದ್ರ ಈ ಓಣ್ಯಾಗ ಅದರ ಇರಬೇಕು, ಇಲ್ಲಾ ನಾನರ ಇರಬೇಕು.”

“ನೀ ಇರೋ ತಮ್ಮಾ. ನೀ ಇರಲಾರದ ಎಲ್ಲಿ ಹೊಕ್ಕಿ?” ಎಂದರು ಅತ್ತೆ. “ಮೊದಲ ಕೈ ತಾ, ಅರಿಷಿಣ ಹಚ್ಚತೇನಿ.”

ನನ್ನ ಗಂಡ ಅತ್ತೆಯಷ್ಟು ಮೆತ್ತಗಿನವರಲ್ಲ. “ಮತ್ತೊಮ್ಮಿ ಹಿಂಗಾದ್ರ ಗೋಣಿಚೀಲದಾಗ ಹಾಕ್ಕೊಂಡು ಹೊಳಿ ಆಚಿಕ ಬಿಟ್ಟ ಬರತೇನಿ, ನೋಡ್ರಿ,” ಎಂದು ಹಾಲಿನವರ ಮುಂದೆಯೇ ಮಾತು ಕೊಟ್ಟರು. ಹಗ್ಗ ಹಾಕಿ ಕಟ್ಟಿ ನೋಡಿದೆವು. ದಿನವಿಡೀ ಅಳುತ್ತಲೇ ಇತ್ತು. ಅತ್ತೆ ಹೊಲಕ್ಕೆ ಒಬ್ಬರೇ ಹೊರಟು, ಓಣಿಯ ತಿರುವಿನಿಂದ ತಿರುಗಿ ಬಂದು ಹಗ್ಗ ಬಿಚ್ಚಿದರು. “ಅದನ್ನ ಬಿಟ್ಟ ಬರೂದಿದ್ರ ನನ್ನೂ ಇಲ್ಲೇ ಕಟ್ಟಿ ಹೋಗ್ರಿ. ನಾ ಹೊಲಕ್ಕ ಹೋಗೂದು ಮುಗೀತು,” ಎಂದರು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಮರೆಯುತ್ತಿದ್ದೆ.

ಹಾಗಾಗಿ ನಾಯಿಗೆ ಕಲಿಸುವ ಕೆಲಸ ನನ್ನ ಮೇಲೆ ಬಂತು. ಓದಿದವಳು ನಾನಲ್ಲವೇ.

ರಾಮದುರ್ಗದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಷ್ಟು ಹೊತ್ತು ಡ್ರೈವರಣ್ಣ ಸೀಟಿನ ಮೇಲೆ ಒರಗುತ್ತಿದ್ದರು, ನಾನು ಫೋನಿನಲ್ಲಿ ವಿಡಿಯೊ ನೋಡುತ್ತಿದ್ದೆ. ಒಬ್ಬ ಹಿಂದಿ ಮಾತಾಡುವ ಗೃಹಸ್ಥ, ಹೊಳೆಯುವ ಫರ್ಶಿ ನೆಲದ ಮನೆ, ಹತ್ತಿಯಂಥ ನಾಯಿ. ಅವನು ಹೇಳುತ್ತಿದ್ದುದು ಇಷ್ಟು: ತಿನಿಸನ್ನು ಮುಷ್ಟಿಯಲ್ಲಿ ಹಿಡಿ, ಕೂರು ಎನ್ನು, ಕೂತ ಗಳಿಗೆಗೆ ಕೊಡು, ಅದಕ್ಕೂ ಮೊದಲು ಒಂದು ಚೂರೂ ಕೊಡಬೇಡ. ನನಗೆ ಸರಿ ಅನ್ನಿಸಿತು. ದುಡಿದ ಮೇಲೆ ಕೂಲಿ. ನಾನು ಬೆಳೆದದ್ದೂ ಹಾಗೆಯೇ.

ಸಂಜೆ ಕಟ್ಟೆಯ ಕೆಳಗೆ ಕೂತು ಜೋಳದ ರೊಟ್ಟಿಯ ತುಂಡು ಮುಷ್ಟಿಯಲ್ಲಿ ಹಿಡಿದು “ಕೂಡು” ಎಂದೆ. ನಾಯಿ ನನ್ನ ಮುಷ್ಟಿ ಮೂಸಿತು, ನೆಕ್ಕಿತು, ಕುಂಯ್ ಎಂದಿತು. ಒಳಗಿನಿಂದ ಅತ್ತೆ ಬಂದರು.

“ಏನ ಮಾಡಾಕ ಹತ್ತೀದಿ?”

“ಕಲಸಾಕ ಹತ್ತೇನ್ರಿ ಅತ್ತಿ. ಕುಂತ ಮ್ಯಾಲ ಕೊಡತೇನಿ.”

“ಹಸದ ಮೂಕಪ್ರಾಣಿ ಮುಂದ ರೊಟ್ಟಿ ಹಿಡದು ಮುಷ್ಟಿ ಕಟ್ಟತಿ. ಇದನ್ನ ಯಾವ ಸಾಲ್ಯಾಗ ಕಲಿಸಿದ್ರು ನಿನಗ?”

ನನ್ನ ಕೈಯಿಂದ ರೊಟ್ಟಿ ಕಸಿದುಕೊಂಡು ನಾಯಿಯ ಮುಂದೆ ಹಾಕಿದರು. ನಮ್ಮ ಕಡೆ ಬಾಗಿಲಿಗೆ ಬಂದವರನ್ನು ಊಟ ಆಯಿತೇ ಎಂದು ಮೊದಲು ಕೇಳುತ್ತಾರೆ, ಬಂದ ಕೆಲಸ ಆಮೇಲೆ. ಅತ್ತೆಗೆ ನಾಯಿಯೂ ಬಾಗಿಲಿಗೆ ಬಂದದ್ದೇ. ಉಣ್ಣುವ ಮೊದಲು ಅದರಿಂದ ಏನೋ ಮಾಡಿಸುವುದೆಂದರೆ ಅವರಿಗೆ ಅದೊಂದು ಪಾಪ, ಆ ಮಾತನ್ನೇ ಬಳಸಿದರು.

ಡ್ಯೂಟಿಯ ಸೀಟಿಯನ್ನು ತೆಗೆದುಕೊಂಡು ಊದಿ ನೋಡಿದೆ, ಕರೆದಾಗ ಬರಲೆಂದು. ಗಂಡ ಜಳಕದ ಮನೆಯಿಂದ ಕೂಗಿದರು, “ಮನ್ಯಾಗರ ಇಳೀ ಬಸ್ಸಿನಿಂದ.” ನಾಯಿ ಸೀಟಿಗೆ ಹೆದರಿ ಎಮ್ಮೆಯ ಕೆಳಗೆ ಹೋಗಿ ಕೂತಿತು.

ಅತ್ತೆ ಮಧ್ಯಾಹ್ನ ಮಲಗಿದಾಗ ಮುಷ್ಟಿಯ ಪಾಠ ಮುಂದುವರಿಸಬಹುದೆಂದುಕೊಂಡೆ. ನನ್ನ ರಜೆಯ ದಿನ ನಾಯಿ ರೊಟ್ಟಿ ಮೂಸಿ, ತಿರುಗಿ ಮಲಗಿಬಿಟ್ಟಿತು. ಹೊಟ್ಟೆ ಮುಟ್ಟಿ ನೋಡಿದರೆ ತಂಬೂರಿಯ ಹಾಗೆ ಬಿಗಿದಿತ್ತು. ನನ್ನ ಪಾಠದ ಸುದ್ದಿ ಅತ್ತೆ ಓಣಿಗೆಲ್ಲ ಮುಟ್ಟಿಸಿದ್ದರು. ‘ಸೊಸಿ ಉಪಾಸ ಕೆಡವತಾಳ’ ಎಂಬ ಮರುಕದಿಂದ ಮನೆ ಮನೆಯವರು ಕರೆದು ಹಾಕುತ್ತಿದ್ದರು. ಹಸಿವೇ ಇಲ್ಲದ ನಾಯಿಗೆ ನನ್ನ ಒಣ ರೊಟ್ಟಿ ಯಾವ ಲೆಕ್ಕ?

ದಣಿದಿದ್ದೆ. ಬಿಟ್ಟುಬಿಡೋಣ ಅನ್ನಿಸಿತ್ತು. ಆ ದಿನಗಳಲ್ಲೇ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಯರಗಟ್ಟಿ ದಾಟಿದ ಮೇಲೆ ಒಂದು ತಿರುವಿದೆ, ಅಲ್ಲಿ ಬಸ್ಸು ಎಡಕ್ಕೆ ಎಳೆಯುತ್ತದೆ. ಮಧ್ಯಾಹ್ನ ಟಿಕೆಟ್ ಕೊಟ್ಟು ಮುಗಿಸಿ ನಿಂತಲ್ಲೇ ಕಣ್ಣು ಮುಚ್ಚಿದ್ದೆ. ತಿರುವು ಬರುವ ಮುಂಚೆಯೇ ನನ್ನ ಕೈ ತಾನಾಗಿ ಮೇಲೆ ಹೋಗಿ ರಾಡು ಹಿಡಿಯಿತು. ಅಲ್ಲೊಂದು ಇಟ್ಟಿಗೆ ಸುಡುವ ಭಟ್ಟಿ ಇದೆ. ಅದರ ಹೊಗೆಯ ವಾಸನೆ ಮೂಗಿಗೆ ಬಂದರೆ ಸಾಕು, ಕೈ ಏಳುತ್ತದೆ. ಯಾರೂ ನನಗೆ ‘ಹಿಡಿ’ ಎಂದಿರಲಿಲ್ಲ. ಹಿಡಿದದ್ದಕ್ಕೆ ಯಾರೂ ಏನೂ ಕೊಟ್ಟಿರಲಿಲ್ಲ. ವಾಸನೆಯ ಬೆನ್ನಿಗೇ ತಿರುವು ಬರುತ್ತದೆ, ಅಷ್ಟೇ. ಬಂದು ಬಂದು ಮೈಗೆ ಗೊತ್ತಾಗಿಬಿಟ್ಟಿದೆ.

ಹಾಗಾದರೆ ನಾಯಿಗೆ ಕೂರು ನಿಲ್ಲು ಎನ್ನುವುದೇ ಬೇಡ. ಬೈಕಿನ ಸದ್ದು ಬರಲಿ, ಸದ್ದಿನ ಬೆನ್ನಿಗೇ ಅತ್ತೆಯ ಕೈಯಿಂದ ರೊಟ್ಟಿ ಬರಲಿ. ನಾಯಿ ಏನೂ ಮಾಡಬೇಕಾಗಿಲ್ಲ. ಅತ್ತೆಯೂ ಮುಷ್ಟಿ ಕಟ್ಟಬೇಕಾಗಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆ, “ಏನೂ ಕೇಳಲಾರದ ಕೊಡೂದೇನು?” ಎಂದರು.

“ಹೌದ್ರಿ. ಬರೇ ಕೊಡೂದು. ಆದ್ರ ಗಾಡಿ ಸಪ್ಪಳಾದಾಗ ಅಷ್ಟ. ಓಣ್ಯಾವರಿಗೂ ಹಾಕಬ್ಯಾಡ್ರಿ ಅಂತ ನೀವ ಹೇಳಬೇಕ್ರಿ.”

“ಹೇಳತೇನಿ ಬಿಡು. ಇದು ಮನಷ್ಯಾರು ಮಾಡೂ ಕೆಲಸ.”

ಮಾತಿಗೆ ಸುಲಭ. ಮೊದಲ ವಾರ ಗಂಡ ಓಣಿಯ ಆ ತುದಿಯಿಂದ ನಮ್ಮ ಬೈಕು ತಂದರು, ಅತ್ತೆ ರೊಟ್ಟಿ ಹಿಡಿದು ಕಟ್ಟೆಯ ಮೇಲೆ ಕೂತರು, ನಾನು ಹಗ್ಗ ಹಿಡಿದೆ. ನಾಯಿ ರೊಟ್ಟಿಯನ್ನು ಕಣ್ಣೆತ್ತಿ ನೋಡಲಿಲ್ಲ. ಹಗ್ಗ ಜಗ್ಗಿ ನನ್ನ ಅಂಗೈ ಸುಲಿಯಿತು. ಬೈಕು ತೀರಾ ಹತ್ತಿರವಿತ್ತು. ಸದ್ದು ಸೊಳ್ಳೆಯ ದನಿಯಷ್ಟು ಸಣ್ಣದಾಗುವವರೆಗೆ ದೂರ ಹೋಗಬೇಕೆಂದು ತಿಳಿದದ್ದು ನಿಧಾನವಾಗಿ. ಆಮೇಲೆ ಹೊಲದ ದಾರಿಗೆ ಹೋದೆವು. ಗಂಡ ಊರ ಹತ್ತಿರ ಬೈಕು ಚಾಲೂ ಮಾಡುತ್ತಿದ್ದರು, ನಾವು ಕಬ್ಬಿನ ಬದುವಿನಲ್ಲಿ ನಿಂತಿರುತ್ತಿದ್ದೆವು. ಅಲ್ಲಿ ನಾಯಿ ಕಿವಿ ನಿಮಿರಿಸಿತು, ರೊಟ್ಟಿಯನ್ನೂ ತಿಂದಿತು.

ಅಲ್ಲಿಂದ ದಿನಾ ಒಂದಿಷ್ಟು ಹತ್ತಿರ. ಬಸ್ಸಿನಲ್ಲಿ ನಿಂತು ಬಂದ ಕಾಲಿಗೆ ಮತ್ತೆ ನಿಲ್ಲುವ ಕೆಲಸ. ಒಂದು ಸಂಜೆ ಬಿಟ್ಟರೆ ನಾಲ್ಕು ಸಂಜೆ ಕಲಿತದ್ದು ಹೋಗುತ್ತಿತ್ತು. ಗಂಡ ಬೇಸತ್ತು, “ಇದರ ಪೆಟ್ರೋಲಿಗೆ ನಾಯಿ ಹೆಸರಲೆ ಬಿಲ್ ಬರೀ,” ಎಂದರು. ಆದರೂ ಬೈಕು ತೆಗೆದರು. ಓಣಿಯ ಕಟ್ಟೆಗಳ ಮೇಲೆ ಕೂತವರಿಗೆ ಒಳ್ಳೇ ಮನರಂಜನೆ.

“ಕಂಡಕ್ಟರ್ ಅಕ್ಕಾರ, ನಾಯಿಗೂ ಟಿಕೆಟ್ ಹರಿಯಾಕ ಹತ್ತೀರೇನ್ರಿ?”

“ನಿಮಗ ಬೇಕಾದ್ರ ಹೇಳ್ರಿ, ನಿಮಗೂ ಒಂದು ತುಂಡು ರೊಟ್ಟಿ ಹಾಕಸತೇನಿ,” ಎಂದೆ.

ಪಾಠ ಓಣಿಯವರೆಗೆ ಬಂದು ತಲುಪುವ ಹೊತ್ತಿಗೆ ಹುಣ್ಣಿಮೆಯ ಜಾತ್ರೆ ಬಂತು. ಸವದತ್ತಿ ಗುಡ್ಡಕ್ಕೆ ಸ್ಪೆಷಲ್ ಬಸ್ಸು, ಮನೆಯ ಮುಖ ಕಾಣದ ಡ್ಯೂಟಿ. ಅತ್ತೆಗೆ ಅದೇ ವಾರ ಜ್ವರ. ನಾನು ತಿರುಗಿ ಬಂದಾಗ ಕಟ್ಟೆಯ ಮೇಲೆ ಗೋಣಿಚೀಲ ಮಡಚಿ ಇಟ್ಟಿತ್ತು. ನಾಯಿ ಯಾರೋ ಪರವೂರಿನವರ ಬೈಕಿನ ಹಿಂದೆ ಓಡಿತ್ತು.

“ಯಾರೂ ಬಿದ್ದಿಲ್ಲ,” ಎಂದರು ಅತ್ತೆ, ಹೊದ್ದ ಚಾದರದೊಳಗಿಂದ.

“ಬೀಳೂಮಟಾ ಕಾಯಬೇಕೇನು?” ಎಂದರು ಗಂಡ. ನನ್ನ ಕಡೆ ನೋಡಿ, “ನಾಳಿ ಮುಂಜಾನಿ ಹಾಲಿನಾಂವ ಬರತಾನ. ಅವನ ಹಿಂದ ಬಿತ್ತಂದ್ರ ನಾ ಕೊಟ್ಟ ಮಾತ ಐತಿ,” ಎಂದರು.

ಅವರದೂ ತಪ್ಪಲ್ಲ.

ಬೆಳಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಅತ್ತೆ ಜ್ವರ ಬಿಟ್ಟು ಮೊದಲ ಸಲ ಹೊರಗೆ ಬಂದು ಕಟ್ಟೆಯ ಮೇಲೆ ಕೂತಿದ್ದರು. ಇನ್ನೂ ಒಲೆಗೆ ಹಂಚು ಇಟ್ಟಿರಲಿಲ್ಲ, ರೊಟ್ಟಿ ಬಡಿದಿರಲಿಲ್ಲ. ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿತು. ನಾಯಿ ಎದ್ದು ನಿಂತಿತು. ಬೆನ್ನಿನ ಕೂದಲು ನಿಮಿರಿತು. ನಾಲ್ಕು ಹೆಜ್ಜೆ ಓಣಿಗಿಳಿಯಿತು. ಹಗ್ಗ ನನ್ನ ಕೈಯಲ್ಲಿರಲಿಲ್ಲ, ಕಸಬರಿಗೆ ಇತ್ತು. ಹಾಲಿನವರು ಎರಡೂ ಕಾಲು ಎತ್ತಿದರು.

ನಾಯಿ ತಿರುಗಿ ಅತ್ತೆಯ ಕೈ ನೋಡಿತು.

ಅತ್ತೆ ತಮ್ಮ ಕೈ ನೋಡಿಕೊಂಡರು. ಅದು ಬರಿದಾಗಿತ್ತು. ನಾಯಿ ಹಾಗೇ ನೋಡುತ್ತ ನಿಂತಿತು. ಅದರ ಹಿಂದೆ ಬೈಕು, ಕ್ಯಾನು, ಎತ್ತಿದ ಕಾಲು ಎಲ್ಲ ದಾಟಿ ಹೋದವು. ಸ್ವಲ್ಪ ಮುಂದೆ ಹೋಗಿ ಅವರು ಬೈಕು ನಿಲ್ಲಿಸಿದರು.

“ಯಾಕ ದೊಡ್ಡವ್ವಾ, ನಿನ್ನ ಮಗಗ ಇವತ್ತ ಆರಾಮಿಲ್ಲೇನು?”

“ಅವ ಆರಾಮ ಅದಾನ ತಮ್ಮಾ. ನನ್ನ ಕೈಯಾಗ ಏನೂ ಇಲ್ಲ,” ಎಂದರು ಅತ್ತೆ. ದನಿಯಲ್ಲಿ ಗೆಲುವು ಇರಲಿಲ್ಲ, ನಾಚಿಕೆ ಇತ್ತು. ಗೋಡೆ ಹಿಡಿದು ಒಳಗೆ ಹೋಗಿ ಡಬ್ಬಿಯೊಳಗಿನ ಒಣಗಿದ ಕಟಕ ರೊಟ್ಟಿ ತಂದರು. “ತಡಾ ಆತೋ ಮಗನ,” ಎಂದು ಅದರ ಬಾಯಿಗಿಟ್ಟರು. ಬೈಕು ಹೋದ ಮೇಲೆ ಕೊಟ್ಟರೆ ಉಪಯೋಗವಿಲ್ಲವೆಂದು ನಾನು ಹೇಳಬೇಕಾಗಿತ್ತು. ಕಸಬರಿಗೆ ಹಿಡಿದು ಉಳಿದ ಅಂಗಳ ಗುಡಿಸಿದೆ. ಗಂಡ ಗೋಣಿಚೀಲ ಎತ್ತಿಕೊಂಡು ಎಮ್ಮೆಗೆ ಹಿಂಡಿ ತರಲು ಹೋದರು.

ನಾಯಿ ಉಳಿಯಿತು. ಆದರೆ ಕೆಲಸ ಮುಗಿಯಿತು ಎನ್ನುವ ಹಾಗಿಲ್ಲ. ಬರಬರುತ್ತ ರೊಟ್ಟಿ ಕಡಿಮೆ ಮಾಡಬಹುದೆಂದು ವಿಡಿಯೊದವನು ಹೇಳುತ್ತಾನೆ. ಅತ್ತೆ ಒಪ್ಪುವುದಿಲ್ಲ. ಬರಿಗೈ ತೋರಿಸಿದ ಆ ಒಂದು ಬೆಳಗು ಅವರಿಗೆ ಸಾಕಾಗಿದೆ. ಈಗ ಸೆರಗಿನ ತುದಿಯಲ್ಲಿ ಸದಾ ರೊಟ್ಟಿಯ ಚೂರಿನ ಗಂಟು. ಸೀರೆ ಒಗೆಯುವಾಗ ನೆನೆದ ರೊಟ್ಟಿ ನನ್ನ ಕೈಗೆ ಹತ್ತುತ್ತದೆ. ನನ್ನ ಟಿಕೆಟ್ ಚೀಲದ ತಳದಲ್ಲೂ ಪುಡಿ ಇರುತ್ತದೆ, ಚಿಲ್ಲರೆ ಕೊಟ್ಟರೆ ಜನ ಊದಿ ತೆಗೆದುಕೊಳ್ಳುತ್ತಾರೆ.

ಕೆಲವು ದಿನ ನಮ್ಮೂರ ಬಸ್ಸಿಗೇ ನನಗೆ ಡ್ಯೂಟಿ ಬೀಳುತ್ತದೆ. ಮೊನ್ನೆ ಬಸ್ಸು ಊರಲ್ಲಿ ನಿಂತಾಗ ಅದರ ಬಾಗಿಲಲ್ಲಿದ್ದೆ. ಹೊಲದ ದಾರಿ ರಸ್ತೆಗೆ ಕೂಡುವಲ್ಲಿ ಮುಂದೆ ಬಾಲ, ಹಿಂದೆ ಅತ್ತೆ ಕಂಡರು. ಎದುರಿನಿಂದ ಒಂದು ಬೈಕು ಬಂತು. ನಾಯಿ ನಿಂತು ಹಿಂತಿರುಗಿತು. ಅತ್ತೆ ಗಂಟು ಬಿಚ್ಚಿ ಕೊಟ್ಟರು, ಮತ್ತೆ ಗಂಟು ಹಾಕಿದರು. ಅಷ್ಟರಲ್ಲಿ ಇನ್ನೊಂದು ಬೈಕು. ಅತ್ತೆ ಆ ಮಬ್ಬು ಕಣ್ಣಿನಲ್ಲಿ ಸೆರಗನ್ನು ಮೂಗಿನ ಹತ್ತಿರ ತಂದು ಮತ್ತೆ ಗಂಟು ಹುಡುಕತೊಡಗಿದರು. ಬಸ್ಸಿನೊಳಗಿಂದ ಯಾರೋ “ರೈಟ್ ಅನ್ರಿ ಅಕ್ಕಾರ, ಸಾಲಿಗೆ ಹೊತ್ತಾತು,” ಎಂದರು. ನಾಯಿ ಇನ್ನೂ ಕೈಯನ್ನೇ ನೋಡುತ್ತಿತ್ತು. ಗಂಟು ಬಿಚ್ಚಿತೋ ಇಲ್ಲವೋ ಕಾಣಲಿಲ್ಲ, ನಾನು ಸೀಟಿ ಊದಿದೆ.