ಗುತ್ತಲ ಬಸ್ಸಿಗೆ ನಿಂತವನು

ಹಾವೇರಿ ಜಿಲ್ಲೆಗೂ ಒಂದು ಫುಟ್‌ಬಾಲ್ ತಂಡವಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಕಬಡ್ಡಿ, ಕುಸ್ತಿ ಬಿಟ್ಟರೆ ನಮ್ಮ ಕಡೆ ಬೇರೆ ಆಟವೇ ಇಲ್ಲ ಎಂದುಕೊಂಡವರಿಗೆ ಏನು ಹೇಳಿದರೂ ಅಷ್ಟೆ. ತಂಡವೂ ಇತ್ತು, ಅದರ ಹಿಂದೆ ಬಿದ್ದ ನಮ್ಮಂಥ ಹುಚ್ಚರೂ ಇದ್ದರು. ಭಾನುವಾರ ಮಧ್ಯಾಹ್ನ ರಾಣೆಬೆನ್ನೂರಿನ ನನ್ನ ಬೀಜದ ಅಂಗಡಿಗೆ ಬೀಗ ಬಿದ್ದಿದೆ ಎಂದರೆ, ಸಾವ್ಕಾರ ಬ್ಯಾಡಗಿಯ ಬಯಲಿನಲ್ಲಿ ನಿಂತು ಯಾರಿಗೋ ಬೈಯುತ್ತಿದ್ದಾನೆ ಎಂದು ಗಿರಾಕಿಗಳಿಗೆಲ್ಲ ಗೊತ್ತಿತ್ತು.

ಬೈಯುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಅದು ಹೊಲದಿಂದ ಬಂದ ವಿದ್ಯೆ. ನಾನು ಹುಟ್ಟಿದ್ದು ಕುಪ್ಪೇಲೂರಿನಲ್ಲಿ. ಬದುವಿನ ಮೇಲೆ ನಿಂತು ‘ಅಪ್ಪಾ, ಬುತ್ತಿ ಬಂತೋ’ ಎಂದು ಕೂಗಿದರೆ ಎರಡು ಹೊಲ ದಾಟಿ ಆಚೆಯವರೂ ಕೈ ತೊಳೆದುಕೊಂಡು ಏಳುತ್ತಿದ್ದರು. ಆ ಗಂಟಲನ್ನು ಅಂಗಡಿಯ ಗಲ್ಲೆಯ ಮೇಲೆ ಕುಳಿತು ಏನು ಮಾಡುವುದು? ಫುಟ್‌ಬಾಲಿಗೆ ಕೊಟ್ಟೆ.

ತಂಡ ಕಟ್ಟಿದವನು ಹತ್ತನೇ ನಂಬರಿನ ಅಂಗಿಯವನು. ನನಗಿಂತ ಕೆಲವು ವರ್ಷ ದೊಡ್ಡವನಾದ್ದರಿಂದ ನಾವೆಲ್ಲ ಅವನಿಗೆ ಅಣ್ಣ ಎನ್ನುತ್ತಿದ್ದೆವು. ರಾಣೆಬೆನ್ನೂರಿನಲ್ಲಿ ಅವರ ಮನೆತನದ ಬಟ್ಟೆ ಅಂಗಡಿ. ಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆ ಮಂದಿಯ ಜೊತೆ ಆಡಿ ಬಂದವನು. ದೊಡ್ಡ ಊರಿನವರು ತಮ್ಮ ತಂಡಕ್ಕೆ ಕರೆದಿದ್ದರಂತೆ. ಹೋಗದೆ ಊರಿಗೆ ವಾಪಸು ಬಂದು, ಸ್ಕೂಟರಿನ ಮುಂದೆ ಒಂದು ಚೆಂಡು ಇಟ್ಟುಕೊಂಡು ಹಾವೇರಿ, ಬ್ಯಾಡಗಿ ಎಲ್ಲ ಅಲೆದು ಹುಡುಗರನ್ನು ಕೂಡಿಸಿದ. ಅವನ ಆಗಿನ ಆಟ! ಅಬಾಬಾಬಾ! ಅವನ ಕಾಲಿಗೆ ಚೆಂಡು ಸಿಕ್ಕರೆ ಆಕಳ ಹಿಂದೆ ಕರು ಹೋದಂತೆ ಹೋಗುತ್ತಿತ್ತು. ಒಮ್ಮೆ ಅವನು ನಡು ಮೈದಾನದಿಂದ ಹೊಡೆದ ಗೋಲು ನೋಡುತ್ತ, ಬಯಲಿನ ಅಂಚಿನಲ್ಲಿ ಮಿರ್ಚಿ ಕರಿಯುತ್ತಿದ್ದವನು ಬಾಣಲೆಯಲ್ಲಿದ್ದದ್ದನ್ನೆಲ್ಲ ಸುಟ್ಟುಕೊಂಡಿದ್ದ. ಆ ಕರಕಲು ಮಿರ್ಚಿಯನ್ನೂ ನಾವು ಖುಷಿಯಿಂದ ತಿಂದಿದ್ದೆವು.

ಆದರೆ ನಾನು ಹೇಳಲು ಹೊರಟಿರುವ ಕಾಲಕ್ಕೆ ಅವನಿಗೆ ನಲವತ್ತು ಹತ್ತಿರವಾಗಿತ್ತು. ತಂಡ ಸೋಲುತ್ತಿತ್ತು. ಸುಮ್ಮನೆ ಸೋಲುವುದಲ್ಲ, ಬಂದವರಿಗೆಲ್ಲ ಉಪಚಾರ ಮಾಡಿ ಕಳಿಸಿದಂತೆ ಸೋಲುತ್ತಿತ್ತು. ಯಾಕೆಂದು ಕುರುಡನಿಗೂ ಕಾಣುತ್ತಿತ್ತು. ನಮ್ಮ ತಂಡಕ್ಕೆ ಮೂವರು ಕೋಚುಗಳು.

ಇದು ನಮ್ಮವರು ಮಾತ್ರ ಮಾಡಬಲ್ಲ ಕೆಲಸ. ಧಾರವಾಡದಿಂದ ಒಡೆದು ಹೊಸ ಜಿಲ್ಲೆಯಾಗಿ ಇನ್ನೂ ಬಹಳ ವರ್ಷ ಆಗಿರಲಿಲ್ಲ. ಊರು ನಮ್ಮದು ದೊಡ್ಡದು, ಕಚೇರಿ ಮಾತ್ರ ಹಾವೇರಿಗೆ ಹೋಯಿತು ಎಂದು ರಾಣೆಬೆನ್ನೂರಿನ ನಮಗೆ ಹೊಟ್ಟೆಯುರಿ. ಜಿಲ್ಲಾ ಕೇಂದ್ರದ ಮಾತು ನಡೆಯಬೇಕು ಎಂದು ಹಾವೇರಿಯವರ ಹಟ. ಬಯಲು ನಮ್ಮದು, ಮೆಣಸಿನಕಾಯಿ ಘಾಟು ಕುಡಿದು ಆಡುವವರೂ ನಮ್ಮ ಹುಡುಗರು ಎಂದು ಬ್ಯಾಡಗಿಯವರು. ಕೊನೆಗೆ ಊರಿಗೊಬ್ಬ ಕೋಚು ಎಂದು ಒಪ್ಪಂದವಾಯಿತು. ಹಾವೇರಿಯಿಂದ ಒಬ್ಬ ಕೋರ್ಟಿನ ಗುಮಾಸ್ತರು. ರಾಣೆಬೆನ್ನೂರಿನಿಂದ ಹೈಸ್ಕೂಲಿನ ಪಿ.ಟಿ. ಮಾಸ್ತರರು. ಬ್ಯಾಡಗಿಯಿಂದ ಹಳೆಯ ಪೈಲ್ವಾನ, ಈಗ ಮೆಣಸಿನಕಾಯಿ ದಲ್ಲಾಳಿ. ಮೂವರೂ ತಮ್ಮ ತಮ್ಮ ಕುರ್ಚಿ ತಂದು ಮೈದಾನದ ಮೂರು ಕಡೆ ಹಾಕಿಕೊಳ್ಳುತ್ತಿದ್ದರು. ಒಬ್ಬರ ಪಕ್ಕ ಒಬ್ಬರು ಕೂತರೆ ಊರಿನ ಮರ್ಯಾದೆ ಹೋಗುತ್ತದಲ್ಲ!

‘ಹಿಂದ ಉಳೀರಿ, ಹಿಂದ ಉಳೀರಿ’ ಎಂದು ಗುಮಾಸ್ತರು. ‘ಲಗೂನ ಮುಂದ ಓಡ್ರಲೇ’ ಎಂದು ಸೀಟಿ ಊದುತ್ತ ಮಾಸ್ತರರು. ‘ಮೈಮ್ಯಾಲ ಬೀಳ್ರೋ, ಕೆಡವ್ರಿ’ ಎಂದು ಪೈಲ್ವಾನರು. ಎತ್ತು ಏರಿಗೆ, ಕೋಣ ನೀರಿಗೆ. ಪಾಪ, ಹುಡುಗರು ಕಾಲಿಗೆ ಚೆಂಡು ಬಂದೊಡನೆ ತಲೆ ಎತ್ತಿ ಮೂರು ಕುರ್ಚಿಗಳನ್ನು ನೋಡುತ್ತಿದ್ದರು. ನೋಡಿ ಮುಗಿಯುವುದರೊಳಗೆ ಚೆಂಡು ಎದುರಾಳಿಯ ಕಾಲಲ್ಲಿ ಇರುತ್ತಿತ್ತು.

ನಮ್ಮ ಅಣ್ಣ ಮಾತ್ರ ಯಾವ ಕುರ್ಚಿಯನ್ನೂ ನೋಡುತ್ತಿರಲಿಲ್ಲ. ಓಡುತ್ತಲೂ ಇರಲಿಲ್ಲ. ಎದುರಾಳಿಯ ಗೋಲಿನ ಎಡಗಡೆ, ಮುಂದಿನ ಚೌಕದ ಸುಣ್ಣದ ಗೆರೆಯಿಂದ ನಾಲ್ಕು ಮಾರು ಈಚೆ ಹೋಗಿ ಸುಮ್ಮನೆ ನಿಂತುಬಿಡುತ್ತಿದ್ದ. ಸೊಂಟದ ಮೇಲೆ ಎರಡೂ ಕೈ. ಪ್ರತಿ ಪಂದ್ಯದಲ್ಲೂ ಅದೇ ಜಾಗ. ಅಲ್ಲಿಗೆ ಚೆಂಡು ಬಂದದ್ದನ್ನು ನಾವು ಕಂಡಿರಲಿಲ್ಲ. ನೋಡಿ ನೋಡಿ ನನಗೆ ಪಿತ್ತ ನೆತ್ತಿಗೇರಿ ಒಂದು ದಿನ ಕೂಗಿದೆ: ‘ನೋಡ್ರಪಾ, ಗುತ್ತಲ ಬಸ್ಸಿಗೆ ನಿಂತಂಗ ನಿಂತಾನ!’ ಬಯಲೆಲ್ಲ ನಕ್ಕಿತು. ಗುತ್ತಲದ ಬಸ್ಸಿಗೆ ಕಾದು ಬೇಸತ್ತವರು ನಮ್ಮಲ್ಲಿ ಬಹಳ ಜನ. ಅಂದಿನಿಂದ ಆ ಜಾಗಕ್ಕೆ ‘ಗುತ್ತಲ ಸ್ಟಾಪು’ ಎಂದೇ ಹೆಸರಾಯಿತು. ಅವನು ಅಲ್ಲಿ ಹೋಗಿ ನಿಂತ ಕೂಡಲೇ ‘ಅಣ್ಣಾ, ಬಸ್ ಪಂಚರ್ ಆಗೇತಂತ, ಮನೀಗಿ ಹೋಗು’ ಎಂದು ಯಾರಾದರೂ ಒದರುವುದು, ಉಳಿದವರು ಸಿಳ್ಳೆ ಹೊಡೆಯುವುದು. ಅವನು ಒಮ್ಮೆಯೂ ನಮ್ಮ ಕಡೆ ತಿರುಗಲಿಲ್ಲ. ಸೊಕ್ಕು ಎಂದುಕೊಂಡೆವು.

ಆ ವರ್ಷದ ಬೇಸಿಗೆಯಲ್ಲಿ ಮೂರೂ ಊರಿನ ಹಿರಿಯರು ಹಾವೇರಿಯಲ್ಲಿ ಕೂತು ತೀರ್ಮಾನ ಮಾಡಿದರು. ಮುಂದಿನ ಭಾನುವಾರ ದಾವಣಗೆರೆಯಿಂದ ಬರುವ ತಂಡದ ಮೇಲೂ ಸೋತರೆ ಜಿಲ್ಲೆಯ ತಂಡ ಮುಗಿಯಿತು. ಯಾರ ಊರಿನ ಹುಡುಗರು ಅವರವರ ಊರಿಗೆ. ಆ ಸಭೆಯಲ್ಲಿ ಅಣ್ಣನೂ ಇದ್ದನಂತೆ. ‘ಒಡೀಬ್ಯಾಡ್ರಿ’ ಎಂದು ಒಂದೇ ಮಾತು ಹೇಳಿದನಂತೆ. ಅವನದು ಮೊದಲೇ ಮೆಲ್ಲನೆಯ ದನಿ, ಎದುರು ಕೂತ ಗಿರಾಕಿಗೂ ಬಟ್ಟೆಯ ದರ ಎರಡು ಸಲ ಹೇಳಬೇಕು. ಆ ಗದ್ದಲದಲ್ಲಿ ಯಾರು ಕೇಳುತ್ತಾರೆ? ಹೆಂಡತಿ ಮಕ್ಕಳು ಎಲ್ಲ ಇದ್ದರೂ ಆ ತಂಡ ಅವನ ಇನ್ನೊಂದು ಕೂಸು. ಅದು ಭಾನುವಾರ ಉಳಿಯಬೇಕು, ಇಲ್ಲವೇ ಹೋಗಬೇಕು.

ಭಾನುವಾರ ಬಯಲು ತುಂಬಿತ್ತು. ಮಾರುಕಟ್ಟೆ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಮೆಣಸಿನಕಾಯಿ ಘಾಟಿಗೆ ಸಾಲು ಸಾಲಾಗಿ ಸೀನು. ನಾನು ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಬಯಲಿನ ಅಂಚಿನ ಮೋಟು ಗೋಡೆಯ ಮೇಲೆ ಕೂತಿದ್ದೆ. ಅರ್ಧ ಆಟ ಮುಗಿಯುವುದರೊಳಗೆ ಒಂದು ಗೋಲು ತಿಂದಾಗಿತ್ತು. ಅಣ್ಣ ಸ್ಟಾಪಿನಲ್ಲಿ ನಿಂತೇ ಇದ್ದ. ‘ತಗೀರಿ ಆ ಮುದುಕನ್ನ! ತಂಡ ಮುಳುಗಾಕತ್ತೈತಿ, ಅಲ್ಲಿ ನಿಂತು ಗಾಳಿ ತಗೊಳ್ಳಾಕತ್ತಾನ!’ ಎಂದು ನಾನು ಒದರಿದೆ. ಬಯಲೇ ಒದರಿತು. ಆಗ ಒಂದು ಪವಾಡ ನಡೆಯಿತು. ಮೂವರು ಕೋಚುಗಳೂ ಮೊದಲ ಸಲ ಒಂದು ಮಾತಿಗೆ ಬಂದರು. ಅಣ್ಣನನ್ನು ಹೊರಗೆ ಕರೆದರು. ಅವನ ಬದಲು ಹಾವೇರಿಯ ಕಾಲೇಜು ಹುಡುಗನೊಬ್ಬ ಒಳಗೆ ಹೋದ, ಜಿಂಕೆಯ ಕಾಲಿನವನು.

ಅಣ್ಣ ಜಗಳ ಮಾಡಲಿಲ್ಲ. ಹುಡುಗನ ಬೆನ್ನು ತಟ್ಟಿ ಹೊರಗೆ ಬಂದ. ಕೂರಲು ಜಾಗ ನೋಡಿದ. ಇದ್ದ ಮೂರು ಕುರ್ಚಿಗಳೂ ಕೋಚುಗಳವು. ನೆಟ್ಟಗೆ ನಮ್ಮ ಗೋಡೆಯ ಕಡೆ ನಡೆದುಬಂದ. ನಾನು ಮೂಗಿನ ಟವೆಲ್ಲನ್ನು ಕಣ್ಣಿನ ತನಕ ಎಳೆದುಕೊಂಡೆ. ‘ಸ್ವಲ್ಪ ಸರೀರಪಾ’ ಎಂದು ಹೇಳಿ ನನ್ನ ಪಕ್ಕದಲ್ಲೇ ಕೂತ. ಅಷ್ಟು ಹೊತ್ತು ಅವನ ಮೂರು ತಲೆಮಾರು ಜಾಲಾಡಿದ ನಾವು ಸಾಲೆಯ ಹುಡುಗರಂತೆ ನೆಟ್ಟಗೆ ಕೂತೆವು.

ಆಟ ಮತ್ತೆ ಶುರುವಾಯಿತು. ಅಣ್ಣ ಏನೋ ಗುನುಗುತ್ತಿದ್ದ. ಪಾಪ, ಸಂಕಟಕ್ಕೆ ಹಾಗೆ ಮಾಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಮಾತು ಕಿವಿಗೆ ಬಿತ್ತು. ‘ಈಗ ಬಲಕ್ಕ ಬರತೈತಿ’ ಎಂದ. ಚೆಂಡು ಬಲಕ್ಕೆ ಬಂತು. ‘ಅಂವ ಜಾರ್ತಾನ ನೋಡು’ ಎಂದ. ನಮ್ಮ ಹುಡುಗ ಜಾರಿ ಬಿದ್ದ. ‘ಅವರ ಗೋಲಿ ಮುಂದ ಬಂದ, ತಪ್ಪು ಮಾಡಿದ.’ ಗೋಲು ಕಾಯುವವನು ತಿರುಗಿ ಓಡುವಷ್ಟರಲ್ಲಿ ಚೆಂಡು ಅವನ ತಲೆಯ ಮೇಲಿಂದ ಹೋಗಿ ಕಂಬದ ಪಕ್ಕ ಹೊರಗೆ ಬಿತ್ತು. ನಾನು ಆಟ ನೋಡುವುದನ್ನೇ ಬಿಟ್ಟು ಅವನ ಬಾಯಿ ನೋಡತೊಡಗಿದೆ. ಅವನು ಅನ್ನುವುದು, ಅದು ಆಗುವುದು. ದೇವರಾಣೆ, ಅಂಥದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

‘ಅಣ್ಣಾ, ಇದೆಲ್ಲಾ ನಿನಗ ಮದಲ ಕಾಣತೈತೇನು?’

‘ಕಾಣೂದೇನ ಬಂತು. ಎಲ್ಲಾರೂ ಚೆಂಡು ನೋಡ್ತಾರ. ನಾ ಜಾಗಾ ನೋಡ್ತೇನಿ.’

‘ಮತ್ತ ಅಲ್ಲಿ ಯಾಕ ನಿಂದರ್ತಿದ್ದಿ?’ ಗುತ್ತಲ ಸ್ಟಾಪು ಎನ್ನಲು ನಾಲಿಗೆ ಬರಲಿಲ್ಲ.

‘ಗೋಲ್ ಮುಂದ ಗದ್ದಲ ಆದಾಗ ಎಲ್ಲಾರೂ ಚೆಂಡಿನ ಹಿಂದ ಬೀಳ್ತಾರ. ಆ ಮೂಲಿ ಖಾಲಿ ಉಳೀತೈತಿ. ಸಿಡಿದ ಚೆಂಡು ಅಲ್ಲೇ ಬರಬೇಕು. ಇಲ್ಲಾ, ಯಾರರ ತಲಿ ಎತ್ತಿ ನೋಡಿದ್ರ ಅಲ್ಲೇ ಕೊಡಬೇಕು.’

‘ಇಷ್ಟ ದಿನ ಬರಲಿಲ್ಲಲ್ಲ?’

‘ತಲಿ ಎತ್ತಿದವರು ಕುರ್ಚಿ ನೋಡಾಕತ್ತಿದ್ರಲ್ಲಪಾ’ ಎಂದು ಅವನು ನಕ್ಕ. ಆಮೇಲೆ ನಗು ನಿಂತಿತು. ‘ಆ ಹುಡುಗ ಒಮ್ಮೆ ಅಲ್ಲಿ ಹೋಗಿ ನಿಂತ್ರ ಸಾಕಿತ್ತು. ಟೀಮ್ ಉಳೀತಿತ್ತು’ ಎಂದ. ಎದ್ದು ನಿಂತು ಹುಡುಗನನ್ನು ಕೂಗಿದ. ಆ ದನಿ ಗೋಡೆ ಇಳಿದು ಗೆರೆ ದಾಟಲಿಲ್ಲ. ಮತ್ತೆ ಕೂಗಿದ. ಕೆಮ್ಮು ಬಂತು. ಅಷ್ಟು ದೊಡ್ಡ ಆಟಗಾರ ತನಗೆ ಕಂಡದ್ದನ್ನು ಹೇಳಲಾಗದೆ ಒದ್ದಾಡುವುದು ನನ್ನಿಂದ ನೋಡಲಾಗಲಿಲ್ಲ.

‘ಕುಂದ್ರಣ್ಣಾ ನೀ. ಒದರೂದು ನಮ್ಮ ಕೆಲಸ’ ಎಂದೆ. ಗೋಡೆಯ ಮೇಲೆ ಹತ್ತಿ ನಿಂತೆ. ಕುಪ್ಪೇಲೂರಿನ ಹೊಲದಲ್ಲಿ ಬಿಟ್ಟ ದನಿಯನ್ನು ಬ್ಯಾಡಗಿಯಲ್ಲಿ ಬಿಟ್ಟೆ: ‘ಏ ತಮ್ಮಾ! ಗುತ್ತಲ ಸ್ಟಾಪಿಗೆ ಹೋಗಿ ನಿಂದ್ರೋ!’

ಬಯಲು ಹೋ ಎಂದು ನಕ್ಕಿತು. ತನ್ನನ್ನೂ ಆಡಿಕೊಳ್ಳುತ್ತಿದ್ದೇವೆ ಎಂದುಕೊಂಡ ಹುಡುಗ ಕೆಂಗಣ್ಣು ಬಿಟ್ಟು ನಮ್ಮ ಕಡೆ ನೋಡಿದ. ನೋಡಿದರೆ ನನ್ನ ಪಕ್ಕ ಅಣ್ಣ, ಕೈ ಎತ್ತಿ ಅದೇ ಜಾಗ ತೋರಿಸುತ್ತಿದ್ದಾನೆ. ಹುಡುಗನ ಮುಖ ಬದಲಾಯಿತು. ಅಲ್ಲಿಗೆ ಹೋಗಿ ನಿಂತ.

‘ಓಡಲೇ!’ ಎಂದು ಮಾಸ್ತರರ ಸೀಟಿ. ‘ಹಿಂದ ಬಾ!’ ಎಂದು ಗುಮಾಸ್ತರು. ಪೈಲ್ವಾನರು ಕುರ್ಚಿ ಬಿಟ್ಟೇ ಎದ್ದರು. ‘ಹಂದಬ್ಯಾಡ! ಅಲ್ಲೇ ನಿಂದ್ರು!’ ಎಂದು ನಾನು. ಗೋಡೆಯ ಮೇಲಿದ್ದವರಿಗೆಲ್ಲ ಅಷ್ಟರಲ್ಲಿ ಸಂಗತಿ ತಿಳಿದಿತ್ತು. ಎಲ್ಲರೂ ದನಿ ಕೂಡಿಸಿದರು. ಇಷ್ಟು ವರ್ಷ ಬೈದು ಬೈದು ಹದವಾದ ಗಂಟಲುಗಳು, ಮೂರು ಕುರ್ಚಿಗಳ ಮಾತು ಅದರಲ್ಲಿ ಎಲ್ಲಿ ಹೋಯಿತೋ! ಅಣ್ಣ ನನ್ನ ಕಿವಿಯಲ್ಲಿ ಹೇಳುವುದು, ನಾನು ಕೂಗುವುದು. ‘ಬಲಗಡೆಯಿಂದ ಎತ್ತಿ ಹಾಕ್ರಿ!’ ‘ಕುರ್ಚಿ ನೋಡಬ್ಯಾಡ್ರೋ!’

ಹುಡುಗ ಒಬ್ಬನೇ ಅಲ್ಲಿ ಕಾದು ನಿಂತಿದ್ದ. ಎರಡು ಸಲ ಗೋಲಿನ ಮುಂದೆ ಗದ್ದಲವಾದರೂ ಚೆಂಡು ಆ ಕಡೆ ಬರಲೇ ಇಲ್ಲ. ಆಟ ಮುಗಿಯುತ್ತ ಬಂತು. ನಮ್ಮ ದನಿಯೂ ಒಡೆಯಿತು. ಇನ್ನೇನು, ಹೋಯಿತು ಎಂದುಕೊಂಡೆ. ಆಗ ಬಲಗಡೆಯಿಂದ ಚೆಂಡು ಎತ್ತರಕ್ಕೆ ಬಂತು. ಎಲ್ಲರೂ ಒಟ್ಟಿಗೆ ಗೋಲಿನ ಮುಂದೆ ನುಗ್ಗಿದರು. ಅವರ ಗೋಲಿ ಹಾರಿ ಮುಷ್ಟಿಯಿಂದ ಗುದ್ದಿದ. ಅಣ್ಣ ಚೆಂಡನ್ನು ನೋಡುತ್ತಿರಲಿಲ್ಲ, ಹುಡುಗನ ಕಾಲು ನೋಡುತ್ತಿದ್ದ. ‘ಬಂತು’ ಎಂದ, ಉಸಿರಿನಲ್ಲಿ. ಚೆಂಡು ಗದ್ದಲದಿಂದ ಸಿಡಿದು, ಒಮ್ಮೆ ಪುಟಿದು, ಹೇಳಿ ಕರೆಸಿಕೊಂಡಂತೆ ಹುಡುಗನ ಮುಂದೆ ಬಂತು. ಅವನ ಸುತ್ತ ಒಬ್ಬರೂ ಇರಲಿಲ್ಲ. ಅವನು ಹೊಡೆದ.

ನನ್ನ ಟವೆಲ್ಲು ಎಲ್ಲಿ ಹಾರಿತೋ ಇವತ್ತಿಗೂ ಸಿಕ್ಕಿಲ್ಲ. ಗೋಡೆಯ ಮೇಲಿದ್ದವರು ಗೋಡೆಯ ಕೆಳಗೆ, ಕೆಳಗಿದ್ದವರು ಮೈದಾನದ ಒಳಗೆ. ಗುಮಾಸ್ತರೂ ಪೈಲ್ವಾನರೂ ಒಬ್ಬರನ್ನೊಬ್ಬರು ತಬ್ಬಿಕೊಂಡು, ಆಮೇಲೆ ಯಾರೆಂದು ನೋಡಿಕೊಂಡು ಬಿಟ್ಟರು. ಸ್ವಲ್ಪ ಹೊತ್ತಿಗೆ ಆಟ ಮುಗಿಯಿತು. ಒಂದಕ್ಕೊಂದು, ಸಮ. ಗೆಲ್ಲಲಿಲ್ಲವಲ್ಲ ಎಂದು ಹಾವೇರಿಯ ಹಿರಿಯರೊಬ್ಬರು ರಾಗ ಎಳೆದರು. ‘ಸೋತ್ರ ಒಡೀಬೇಕು ಅಂತ ನೀವ ಹೇಳಿದ್ರಿ. ಸೋತೇವೇನ್ರಿ?’ ಎಂದು ನಾನು ಉಳಿದಿದ್ದ ಅರ್ಧ ದನಿಯಲ್ಲಿ ಕೇಳಿದೆ. ತಂಡ ಉಳಿಯಿತು.

ಜನ ಚದುರಿದರು. ಹುಡುಗನನ್ನು ಹೆಗಲ ಮೇಲೆ ಹೊತ್ತು ಸ್ಟೇಷನ್ ರಸ್ತೆಯ ಕಡೆ ನಡೆದರು. ಹಿಂದೆ ತಿರುಗಿ ನೋಡಿದರೆ ಅಣ್ಣ ಖಾಲಿ ಮೈದಾನದಲ್ಲಿ ಅದೇ ಜಾಗಕ್ಕೆ ಹೋಗಿ ನಿಂತಿದ್ದ. ಸೊಂಟದ ಮೇಲೆ ಎರಡೂ ಕೈ. ನಾನೂ ಹೋದೆ. ಅವನ ಪಕ್ಕ ನಿಂತು ಗೋಲಿನ ಕಡೆ ನೋಡಿದೆ. ಗೋಡೆಯ ಮೇಲಿಂದ ಮೂಲೆಯಂತೆ ಕಾಣುತ್ತಿದ್ದ ಆ ಜಾಗದಿಂದ ಗೋಲು ನಮ್ಮ ಮನೆಯ ತಲೆಬಾಗಿಲಿನಂತೆ ಎದುರಿಗೇ ತೆರೆದಿತ್ತು. ಇಷ್ಟು ವರ್ಷ ಇವನು ಒಬ್ಬನೇ ಇದನ್ನು ನೋಡುತ್ತ ನಿಂತಿದ್ದ, ನಮ್ಮ ನಗೆಯನ್ನು ಕೇಳುತ್ತ.

‘ಅಣ್ಣಾ, ಆ ಗೋಲು ನಿಂದ ಆಗಬೇಕಿತ್ತು’ ಎಂದೆ.

ಅವನು ನನ್ನ ಹೆಗಲ ಮೇಲೆ ಕೈ ಇಟ್ಟ. ‘ಬಸ್ ಬಂತಲ್ಲ ತಮ್ಮಾ’ ಎಂದ. ‘ಹತ್ತಿದವರು ಯಾರಾದ್ರೇನು.’