ಮಾರ್ಕೆಟ್ಟಿಗೆ ನಾನು ಸೇರಿಸಿದ ವಯಸ್ಸು

ಗೋವಿಂದರಾಜನಗರದ ನಮ್ಮ ಚಾವಣಿ ಮಾರ್ಕೆಟ್ಟನ್ನು ಹಳೆಯದಾಯಿತೆಂದು ಕೆಡವಿದರು ಎಂದೇ ಜನ ನಂಬಿದ್ದಾರೆ. ಅದು ಹಳೆಯದಾಗಿರಲಿಲ್ಲ. ಹಳೆಯದು ಮಾಡಿದವನು ನಾನು.

ನಾನು ಎಸ್‌ಎಸ್‌ಎಲ್‌ಸಿ ಪಾಸು. ಮಾರ್ಕೆಟ್ಟಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದೆ. ವೃದ್ಧಾಪ್ಯ ವೇತನದ್ದೇ ಹೆಚ್ಚು. ವಯಸ್ಸು ಸಾಲದವರಿಗೆ ಏಳೆಂಟು ವರ್ಷ ಸೇರಿಸುತ್ತಿದ್ದೆ. ಪಕ್ಕದಲ್ಲಿ ಹೂ ಮಾರುತ್ತಿದ್ದಾಕೆಗೂ ಎಂಟು ಸೇರಿಸಿದ್ದೆ. ಆಕೆ ದಿನವೂ ನಮ್ಮ ಮನೆ ದೇವರಿಗೆಂದು ಒಂದು ಮೊಳ ಮಲ್ಲಿಗೆ ಕೊಡುತ್ತಿದ್ದಳು.

ಒಂದು ಮಳೆಗಾಲ ಚಾವಣಿ ಸೋರಿತು. ರಿಪೇರಿಗೆ ಅರ್ಜಿ ಬರೆದುಕೊಡಿ ಎಂದು ಅಂಗಡಿಯವರು ಕೇಳಿದರು. ವಯಸ್ಸಾದವರಿಗೆ ಬೇಗ ಮಂಜೂರಾಗುತ್ತದೆ ಎಂದು ವರ್ಷ ಸೇರಿಸುವುದು ಕೈಗೆ ಹತ್ತಿದ ಅಭ್ಯಾಸ, ಮಾರ್ಕೆಟ್ಟಿಗೂ ಸೇರಿಸಿದೆ. ಅದನ್ನು ಕಟ್ಟಿದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಬ್ರಿಟಿಷರ ಕಾಲದ್ದು, ನೂರಿಪ್ಪತ್ತು ವರ್ಷವಾಗಿದೆ ಎಂದು ಬರೆದೆ. ಕುದುರೆ ಗಾಡಿಯಲ್ಲಿ ಬಂದ ದೊರೆಸಾನಿಯೊಬ್ಬಳು ಇಲ್ಲಿ ಬದನೆಕಾಯಿ ಚೌಕಾಸಿ ಮಾಡಿದಳೆಂದೂ ಬರೆದೆ. ಆ ಕಾಲಕ್ಕೆ ಅಲ್ಲಿದ್ದದ್ದು ರಾಗಿ ಹೊಲ.

ಪಾಲಿಕೆಯ ಇಂಜಿನಿಯರ್ ಬಂದ. ಅರ್ಜಿ ಓದಿ, ತಲೆಯೆತ್ತಿ ಚಾವಣಿ ನೋಡಿ, ಮೆಲ್ಲಗೆ ಹಿಂದಹಿಂದಕ್ಕೆ ನಡೆದು ರಸ್ತೆಯಲ್ಲಿ ನಿಂತ.

"ನೂರಿಪ್ಪತ್ತು ವರ್ಷ ಅಂತೀರ ಸಾರ್. ಇದರ ಕೆಳಗೆ ಹೆಂಗೆ ಕೂತಿದೀರ? ಮೊದ್ಲು ಎಲ್ರೂ ಆಚೆ ಬನ್ನಿ."

ಸುಳ್ಳೆಂದು ಒಪ್ಪಿದರೆ ನಾನು ಬರೆದ ಅಷ್ಟೂ ಪೆನ್ಷನ್ ಅರ್ಜಿಗಳ ಮೇಲೆ ಅನುಮಾನ ಬರುತ್ತಿತ್ತು. ಸುಮ್ಮನಿದ್ದೆ. ಶಿಥಿಲ ಕಟ್ಟಡವೆಂದು ನೋಟಿಸು ಅಂಟಿಸಿದರು. ಆ ಶಿಥಿಲ ಕಂಬಗಳನ್ನು ಕೆಡವಲು ಜೆಸಿಬಿಗೆ ನಾಲ್ಕು ದಿನ ಹಿಡಿಯಿತು. ಅದರ ಹಲ್ಲೊಂದು ಮುರಿಯಿತು.

ಹೂವಿನಾಕೆ ಈಗ ಫುಟ್‌ಪಾತಿನಲ್ಲಿ ಛತ್ರಿಯ ಕೆಳಗೆ ಕೂರುತ್ತಾಳೆ. ಫುಟ್‌ಪಾತ್ ತೆರವು ಮಾಡುವ ವ್ಯಾನ್ ಬಂದಾಗಲೆಲ್ಲ ಬುಟ್ಟಿ ಹೊತ್ತು ಓಡುತ್ತಾಳೆ. ಮೂರು ವರ್ಷ ನಾನು ರಸ್ತೆಯ ಎದುರು ಬದಿಯಲ್ಲೇ ತಲೆ ತಗ್ಗಿಸಿ ಓಡಾಡಿದೆ. ಮೊನ್ನೆ ಶುಕ್ರವಾರ ಹೋಗಿ ಎಲ್ಲ ಹೇಳಿದೆ.

ಆಕೆ ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನಂಗೂ ಎಂಟು ವರ್ಷ ಸೇರ್ಸಿದ್ರಲ್ಲಣ್ಣ. ನನ್ನೂ ಒಡೀತಾರಾ?"

"ತಪ್ಪಾಯ್ತಮ್ಮ," ಎಂದೆ.

"ತಪ್ಪಾಯ್ತು ಅಂದ್ರೆ ನೆರಳು ಬರತ್ತಾ?"

ಅಷ್ಟರಲ್ಲಿ ತಿರುವಿನಲ್ಲಿ ವ್ಯಾನ್ ಕಾಣಿಸಿತು. "ಛತ್ರಿ ಮಡಚಿ, ಬೇಗ," ಎಂದು ಆಕೆ ಬುಟ್ಟಿ ಎತ್ತಿದಳು. ನಾನು ಛತ್ರಿ ಹೆಗಲಿಗೇರಿಸಿ ಹಿಂದೆ ಓಡಿದೆ. ಅರ್ಜಿಯ ಪ್ರಕಾರ ಆಕೆಗೆ ಎಪ್ಪತ್ತೊಂದು. ನನಗೆ ನಿಜವಾಗಿಯೂ ಎಪ್ಪತ್ತೊಂದು. ಆಕೆಯೇ ಮುಂದಿದ್ದಳು.

ಅಂದಿನಿಂದ ಆ ಛತ್ರಿ ಬಿಚ್ಚುವುದು, ಮಡಚುವುದು ನನ್ನ ಕೆಲಸ. ಆಕೆ ಮಲ್ಲಿಗೆ ಇನ್ನೂ ಕೊಟ್ಟಿಲ್ಲ.