ನೀರು ಹೊಡೆಯಲ್ಲ ಎಂದ ನೀರಕ್ಕ

ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಬಂದ ಗಾಡಿಯನ್ನು ಮೊದಲು ತೊಳೆಯಬೇಕು, ಆಮೇಲೆಯೇ ಮೆಕ್ಯಾನಿಕ್ ಮುಟ್ಟಬೇಕು. ಆ ಪದ್ಧತಿ ತಂದವನು ಎಲ್ಲರೂ ಮೇಸ್ತ್ರಿ ಎಂದು ಕರೆಯುವ ನಾನೇ. ಕೊಳಕು ಇಂಜಿನ್‌ಗೆ ಕೈ ಹಾಕಿದರೆ ನನ್ನ ಘನತೆ ಎಲ್ಲಿ ಉಳಿದೀತು ಹೇಳಿ!

ತೊಳೆಯುವವಳು ನೀರಕ್ಕ. ರಬ್ಬರ್ ಬೂಟು ತೊಟ್ಟು, ಪೈಪು ಹಿಡಿದು, ಹನ್ನೊಂದು ವರ್ಷದಿಂದ ಒಬ್ಬಳೇ ಮೂರು ಮಕ್ಕಳನ್ನು ಸಾಕುತ್ತಿದ್ದವಳು. ಬಾಯಿ ಮಾತ್ರ ಆ ಪೈಪಿನ ನೀರಿಗಿಂತ ಜೋರು. ಆದರೆ ಇಂಜಿನ್ ವಿಷಯಕ್ಕೆ ಬಾಯಿ ಹಾಕಿದರೆ ನಾವೆಲ್ಲ ನಗುತ್ತಿದ್ದೆವು. ಹಿತ್ತಲ ಗಿಡ ಮದ್ದಲ್ಲ ನೋಡಿ.

ಒಬ್ಬ ಟ್ಯಾಕ್ಸಿ ಡ್ರೈವರ್‌ನ ಇಂಜಿನ್ ಮತ್ತೆ ಮತ್ತೆ ಕಾದು ಕೆಂಡವಾಗುತ್ತಿತ್ತು. ಎರಡು ಸಲ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗಿ, ಎರಡು ಸಲವೂ ನಾನೇ ಬದಲಾಯಿಸಿದ್ದೆ. ರೇಡಿಯೇಟರ್ ಕೂಡ ಹೊಸದು ಹಾಕಿದ್ದೆ. ಎಷ್ಟು ಹುಡುಕಿದರೂ ಎಲ್ಲೂ ಸೋರಿಕೆ ಕಾಣಲಿಲ್ಲ. ಮೂರನೆಯ ಸಲ ಗಾಡಿಯನ್ನು ಎಳೆದು ತಂದಾಗ ನನಗೂ ತಲೆ ಕೆಟ್ಟಿತು.

"ಇದೇ ಕೊನೆ ಅಣ್ಣಾ. ಬಿಚ್ಚಿ ನೋಡ್ತೀನಿ, ಆಗಲಿಲ್ಲ ಅಂದ್ರೆ ಗುಜರಿಗೆ ಹಾಕು," ಎಂದೆ. "ಅಕ್ಕಾ, ತೊಳಿ."

ನೀರಕ್ಕ ಪೈಪನ್ನು ನೆಲಕ್ಕೆ ಹಾಕಿದಳು. "ಈ ಗಾಡಿಗೆ ನಾನು ನೀರು ಹೊಡೆಯಲ್ಲ."

ಗಲಾಟೆ ಕೇಳಿ ಯಜಮಾನರು ಹೊರಗೆ ಬಂದರು. ಅವರಿಗೆ ಮೂಗಿನ ತುದಿಯಲ್ಲೇ ಕೋಪ. "ಹೊಡೆಯಲ್ಲ ಅಂದ್ರೆ? ತೊಳೆಯೋದಾದ್ರೆ ತೊಳಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ಬರಲ್ಲ ಬಿಡಿ ಸಾರ್. ಆದ್ರೆ ಮೇಸ್ತ್ರಿ ಒಂದ್ಸಲ ಬಗ್ಗಿ ನೋಡ್ಲಿ. ವಾಟರ್ ಪಂಪ್ ಕೆಳಗೆ ಹಸಿರು ಕಲೆ ಇದೆ. ಹೋದ ಎರಡು ಸಲನೂ ಇತ್ತು. ನಾನೇ ಉಜ್ಜಿ ಉಜ್ಜಿ ತೊಳೆದು ಇವ್ರ ಮುಂದೆ ಇಟ್ಟೆ. ಇವ್ರಿಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಮೂರು ಮಕ್ಕಳ ಅನ್ನವನ್ನೇ ಅವಳು ಪಣಕ್ಕಿಟ್ಟಿದ್ದಳು.

ಸಿಟ್ಟಿನಲ್ಲೇ ಟಾರ್ಚ್ ಹಿಡಿದು ಬಗ್ಗಿದೆ. ಪಂಪಿನ ಕೆಳಗಿನ ಪುಟ್ಟ ತೂತಿನಿಂದ ಇಂಜಿನ್ ತಣಿಸುವ ಕೂಲೆಂಟ್ ನೀರು ಇಳಿದು ಒಣಗಿದ ಹಸಿರು ಗೆರೆ! ಪಂಪಿನ ಸೀಲ್ ಸವೆದಿತ್ತು. ಇಂಜಿನ್ ಕಾದಾಗ ಸೋರುತ್ತಿತ್ತು, ಆರಿದಾಗ ನಿಲ್ಲುತ್ತಿತ್ತು. ಆರಿದ, ತೊಳೆದ ಇಂಜಿನ್ ಮುಂದೆ ನಿಂತು ನಾನು ಸೋರಿಕೆ ಹುಡುಕಿದ್ದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಬುದ್ಧಿವಂತ ನಾನು.

ಈ ಸಲ ಗ್ಯಾಸ್ಕೆಟ್ ಜೊತೆ ಪಂಪನ್ನೂ ಬದಲಾಯಿಸಿದೆ. ಮರುದಿನ ಸುಡುವ ಮಧ್ಯಾಹ್ನ ಗ್ಯಾರೇಜಿನ ಹುಡುಗರಿಬ್ಬರೂ ಸೇರಿ ಐದು ಜನ ಟ್ಯಾಕ್ಸಿ ಹತ್ತಿ, ಊರಾಚೆಯ ಕಡಿದಾದ ಏರಿಗೆ ಹೊರಟೆವು. ಮುಂದಿನ ಸೀಟಿನಲ್ಲಿ ನೀರಕ್ಕ. ಏರು ಮುಗಿಯುವವರೆಗೂ ಅವಳು ರಸ್ತೆ ನೋಡಲೇ ಇಲ್ಲ, ಇಂಜಿನ್ ಶಾಖ ತೋರಿಸುವ ಮುಳ್ಳನ್ನೇ ನೋಡುತ್ತಿದ್ದಳು. ಅದು ಮಧ್ಯ ಬಿಟ್ಟು ಕದಲಲಿಲ್ಲ. ತುದಿ ಮುಟ್ಟಿದಾಗ ಡ್ರೈವರ್ ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ನನಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವಳ ಬಗ್ಗೆ ಹೆಮ್ಮೆಯಾಗಿತ್ತು.

ಗ್ಯಾರೇಜಿಗೆ ಮರಳಿದಾಗ ಯಜಮಾನರು ಗೇಟಿನಲ್ಲೇ ಕಾಯುತ್ತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದರು: "ಇನ್ಮೇಲೆ ಯಾವ ಗಾಡಿ ಬಂದ್ರೂ ಮೊದ್ಲು ಅಕ್ಕ ನೋಡ್ಬೇಕು. ಆಮೇಲೇ ಮೇಸ್ತ್ರಿ."

"ಹಂಗಾದ್ರೆ ನಿಮ್ಮ ಕಾರಿಂದಾನೇ ಶುರು ಮಾಡ್ಲಾ ಸಾರ್?" ಎಂದಳು ನೀರಕ್ಕ. "ಅದರ ಪಂಪೂ ಸೋರ್ತಾ ಇದೆ."

ಯಜಮಾನರು ಜೇಬಿನಿಂದ ಕೀ ತೆಗೆದು ಅವಳ ಕೈಗೆ ಕೊಟ್ಟರು.